ಅಜ್ಜಿಯ ಮುಖ ಕಪ್ಪಾಗಿ ಬಂತೇಕೆ?

ಅಕ್ಕಂದಿರೇ, ನಡುಮನೆಯಲ್ಲಿ ನಿಂತು, ಬಾಗಿಲ ಬಳಿ ಕೂತ ಅಜ್ಜಿಯ ಫೋಟೋ ತೆಗೀತೀವಿ. ಅಜ್ಜಿಯ ಹಿಂದೆ ಅಂಗಳದ ಬಿಸಿಲು. ಫೋಟೋದಲ್ಲಿ ಅಂಗಳ ಚೆನ್ನಾಗಿ ಬಂದಿದೆ. ಅಜ್ಜಿಯ ಮುಖ ಮಾತ್ರ ಇದ್ದಿಲು! "ನಮ್ಮ ಬಣ್ಣವೇ ಹಂಗೆ ಬಿಡಿ" ಅಂತ ಸುಮ್ಮನಾಗ್ತೀವಿ.

ಹಾಗೆ ಸುಮ್ಮನಾಗಬಾರದು. ಬಣ್ಣದ ತಪ್ಪೇನೂ ಇಲ್ಲ. ಕ್ಯಾಮೆರಾ ಬೆಳಕನ್ನು ಅಳೆದ ಜಾಗ ತಪ್ಪು. ನಾಳೆ ಅಜ್ಜಿ ಇಲ್ಲದಾಗ ಗೋಡೆಯ ಮೇಲೆ ಉಳಿಯುವುದು ಇದೇ ಫೋಟೋ ತಾನೇ?

ಅಕ್ಕಿ ಅಳೆಯಲು ಸೇರು ಇದೆ. ಬೆಳಕು ಅಳೆಯಲು ಡಿಜಿಟಲ್ ಕ್ಯಾಮೆರಾದಲ್ಲಿ ಮೀಟರ್ ಇದೆ. ಆದರೆ ಈ ಮೀಟರ್‌ಗೆ ಕಪ್ಪು ಯಾವುದು, ಬಿಳುಪು ಯಾವುದು ಗೊತ್ತಾಗುವುದಿಲ್ಲ. ಎಲ್ಲವೂ ನಡುವಣ ಬೂದು ಬಣ್ಣ ಅಂತ ತಿಳಿದು ಲೆಕ್ಕ ಹಾಕುತ್ತದೆ. ಬೆಳಕು ಹೆಚ್ಚು ಕಂಡರೆ ಇಳಿಸುತ್ತದೆ. ಕತ್ತಲೆ ಕಂಡರೆ ಏರಿಸುತ್ತದೆ. ಮಲ್ಲಿಗೆ ಹೂವನ್ನು ಹತ್ತಿರದಿಂದ ತೆಗೆದರೆ ಮಾಸಿದ ಹಾಗೆ ಬರುತ್ತದೆ. ಕರೀ ಎಮ್ಮೆ ಬೂದಿ ಮೆತ್ತಿದ ಹಾಗೆ ಬರುತ್ತದೆ. ಅಂಗಳದ ಬಿಸಿಲು ಕಂಡು ಕ್ಯಾಮೆರಾ ಬೆಳಕು ಇಳಿಸಿತು. ಅದರ ಜೊತೆ ಅಜ್ಜಿಯ ಮುಖವೂ ಇಳಿಯಿತು.

ಎಲ್ಲಿ ಅಳೆಯಬೇಕು ಅಂತ ನಾವೇ ಹೇಳಬಹುದು. ಇದಕ್ಕೆ ಮೀಟರಿಂಗ್ ಎನ್ನುತ್ತಾರೆ. ಮುಖ್ಯವಾಗಿ ಮೂರು ಬಗೆ. ಒಂದು, ಇಡೀ ಚಿತ್ರವನ್ನು ಅಳೆಯುವುದು. ಹೊಲ, ಜಾತ್ರೆ, ಬಯಲಲ್ಲಿ ನಿಂತ ಸಂಘದ ಹೆಂಗಸರು, ಇವಕ್ಕೆಲ್ಲ ಇದೇ ಸಾಕು. ನಿಜ ಹೇಳಬೇಕೆಂದರೆ ಹೆಚ್ಚಿನ ಫೋಟೋಗಳಿಗೆ ಇದೇ ಸಾಕು. ಎರಡು, ನಡುಭಾಗಕ್ಕೆ ಹೆಚ್ಚು ಬೆಲೆ ಕೊಡುವುದು. ನಡುವೆ ಒಬ್ಬರೇ ಕೂತಿದ್ದರೆ ಇದು ಸರಿ. ಮೂರನೆಯದು ಸ್ಪಾಟ್, ಅಂದರೆ ಚುಕ್ಕೆ. ಇದು ಸಣ್ಣ ಜಾಗವನ್ನಷ್ಟೇ ಅಳೆಯುತ್ತದೆ. ಉಳಿದದ್ದನ್ನು ನೋಡುವುದೇ ಇಲ್ಲ.

ನಮ್ಮ ಅಜ್ಜಿಗೆ ಬೇಕಾದದ್ದು ಈ ಚುಕ್ಕೆ. ಹಲವು ಕ್ಯಾಮೆರಾಗಳಲ್ಲಿ ಅದು ಪರದೆಯ ನಟ್ಟನಡುವೆ ಇರುತ್ತದೆ. ಅಲ್ಲಿಗೆ ಅಜ್ಜಿಯ ಕೆನ್ನೆ ಬರಲಿ. ಆಗ ಮುಖದ ಸುಕ್ಕು, ಮೂಗುತಿ ಎಲ್ಲ ಕಾಣುತ್ತವೆ. ಅಂಗಳ ಬೆಳ್ಳಗೆ ಬಿಳುಚಿಕೊಳ್ಳುತ್ತದೆ. ಬಿಳುಚಲಿ ಬಿಡಿ, ನಮಗೆ ಬೇಕಾದದ್ದು ಅಜ್ಜಿ.

ಮೊಬೈಲಿನಲ್ಲಿ ಇನ್ನೂ ಸುಲಭ. ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿ. ಹೆಚ್ಚಿನ ಮೊಬೈಲುಗಳು ಅಲ್ಲಿಯ ಬೆಳಕನ್ನೇ ಅಳೆಯುತ್ತವೆ. ಕೆಲವದರಲ್ಲಿ ಪಕ್ಕದಲ್ಲೇ ಸೂರ್ಯನ ಗುರುತು ಮೂಡುತ್ತದೆ. ಅದನ್ನು ಮೇಲೆ ಸರಿಸಿದರೆ ಬೆಳಕು ಹೆಚ್ಚು, ಕೆಳಗೆ ಸರಿಸಿದರೆ ಕಡಿಮೆ.

ಒಂದು ಮಾತು ನೆನಪಿರಲಿ. ಚುಕ್ಕೆಯೂ ಮುಖವನ್ನು ಬೂದು ಅಂತಲೇ ಎಣಿಸುತ್ತದೆ. ಕಪ್ಪು ಮೈಬಣ್ಣದವರನ್ನು ಇದ್ದದ್ದಕ್ಕಿಂತ ಬೆಳ್ಳಗೆ ಮಾಡಿಬಿಡಬಹುದು. ಅದೂ ನಮಗೆ ಬೇಡ. ಅವರು ಇರುವ ಹಾಗೇ ಬರಬೇಕು. ಆಗ ಬೆಳಕನ್ನು ಒಂಚೂರು ಇಳಿಸಿ ಇನ್ನೊಂದು ಫೋಟೋ ತೆಗೆಯಿರಿ. ಕ್ಯಾಮೆರಾದಲ್ಲಿ ಇದಕ್ಕೆ ಕೂಡುವ, ಕಳೆಯುವ ಗುರುತಿನ ಗುಂಡಿ ಇರುತ್ತದೆ. ಇಳಿಸಲು ಕಳೆಯುವ ಕಡೆ, ಏರಿಸಲು ಕೂಡುವ ಕಡೆ. ಮಲ್ಲಿಗೆಗೆ ಕೂಡಿ, ಎಮ್ಮೆಗೆ ಕಳೆಯಿರಿ.

ಕೆಲಸ ಮುಗಿದ ಮೇಲೆ ಮೀಟರಿಂಗನ್ನು ಮತ್ತೆ ಇಡೀ ಚಿತ್ರಕ್ಕೇ ತಿರುಗಿಸಿಡಿ. ಮರೆತರೆ ನಾಳೆ ಮದುವೆಮನೆಯಲ್ಲಿ ಚುಕ್ಕೆ ಯಾರದೋ ಬಿಳಿ ಪಂಚೆಯ ಮೇಲೆ ಕೂತೀತು. ಮದುವೆಗೆ ಬಂದವರೆಲ್ಲ ಕಪ್ಪಾದಾರು!