ಹೋರಿ ಬೆದರಿಸುವ ಹಬ್ಬ

ಹೋರಿ ಬೆದರಿಸುವ ಹಬ್ಬವು ಕರ್ನಾಟಕದ ಹಾವೇರಿ ಜಿಲ್ಲೆ ಮತ್ತು ಅದಕ್ಕೆ ಹೊಂದಿಕೊಂಡ ಶಿವಮೊಗ್ಗ ಜಿಲ್ಲೆಯ ಕೆಲವು ಭಾಗಗಳಲ್ಲಿ ದೀಪಾವಳಿಯ ಸಂದರ್ಭದಲ್ಲಿ ನಡೆಯುವ ಜಾನಪದ ಕ್ರೀಡೆಯಾಗಿದೆ. ಇದನ್ನು ಹೋರಿ ಹಬ್ಬ, ದನ ಬೆದರಿಸುವ ಹಬ್ಬ ಎಂದೂ ಕರೆಯುತ್ತಾರೆ. ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಿಸುವುದು, ಯುವಕರು ಆ ಕೊಬ್ಬರಿಯನ್ನು ಹರಿಯಲು ಯತ್ನಿಸುವುದು ಇದರ ಮುಖ್ಯ ಲಕ್ಷಣ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಹಾನಗಲ್ಲ ಮತ್ತು ಹಿರೇಕೆರೂರು ಭಾಗಗಳಲ್ಲಿ ಇದು ಹೆಚ್ಚು ಪ್ರಚಲಿತದಲ್ಲಿದೆ.

ಹಿನ್ನೆಲೆ ಮತ್ತು ನಂಬಿಕೆ

ದೀಪಾವಳಿಯ ಬಲಿಪಾಡ್ಯಮಿಯನ್ನು ಈ ಭಾಗದ ಗ್ರಾಮಗಳಲ್ಲಿ ಹಟ್ಟಿಹಬ್ಬವೆಂದು ಆಚರಿಸಲಾಗುತ್ತದೆ. ಅಂದು ಸಗಣಿಯಿಂದ ಪಾಂಡವರ ರೂಪಗಳನ್ನು ಮಾಡಿ, ಹೂವಿನಿಂದ ಅಲಂಕರಿಸಿ ಪೂಜಿಸುವರು. ದನಕರುಗಳ ಮೈ ತೊಳೆದು, ಕೊಂಬುಗಳಿಗೆ ಬಣ್ಣ ಹಚ್ಚುವರು. ದುಡಿಯುವ ಎತ್ತು ಮನೆಯ ಸಂಪತ್ತು ಎಂಬ ಭಾವನೆ ಈ ಆಚರಣೆಗಳ ಮೂಲದಲ್ಲಿದೆ. ಪೂಜೆಗೊಂಡ ಹೋರಿಯ ಕಸುವನ್ನು ಊರ ಮುಂದೆ ತೋರಿಸುವ ಸಂಭ್ರಮವೇ ಈ ಕ್ರೀಡೆ.

ಕ್ರೀಡೆಯ ವಿಧಾನ

ಹೋರಿಗಳಿಗೆ ಗೆಜ್ಜೆ, ಜೂಲ, ರಿಬ್ಬನ್ ಮತ್ತು ಬಲೂನುಗಳಿಂದ ಅಲಂಕಾರ ಮಾಡುತ್ತಾರೆ. ಊರಿನ ಹೆಸರಿನೊಂದಿಗೆ ಹುಲಿ, ರಾಜ ಮೊದಲಾದ ಬಿರುದುಗಳನ್ನು ಸೇರಿಸಿ ಅವುಗಳಿಗೆ ಹೆಸರಿಡುವ ರೂಢಿಯಿದೆ. ಇಕ್ಕೆಲಗಳಲ್ಲಿ ಜನರು ನಿಂತ ಓಣಿ ಅಥವಾ ಬೇಲಿ ಕಟ್ಟಿದ ಅಖಾಡದಲ್ಲಿ ಹೋರಿಗಳನ್ನು ಒಂದೊಂದಾಗಿ ಬಿಡಲಾಗುತ್ತದೆ. ಯಾರ ಕೈಗೂ ಸಿಗದೆ ಓಡಿದ ಹೋರಿಯ ಮಾಲೀಕನಿಗೂ, ಕೊಬ್ಬರಿ ಹರಿದವನಿಗೂ ಗೌರವ ಸಲ್ಲುತ್ತದೆ. ಇತ್ತೀಚಿನ ಸ್ಪರ್ಧೆಗಳಲ್ಲಿ ಬೈಕ್, ಬಂಗಾರದಂತಹ ಬಹುಮಾನಗಳೂ ಇರುತ್ತವೆ. ದೀಪಾವಳಿಯ ನಂತರವೂ ಹಲವು ತಿಂಗಳುಗಳ ಕಾಲ ಬೇರೆ ಬೇರೆ ಗ್ರಾಮಗಳಲ್ಲಿ ಸ್ಪರ್ಧೆಗಳು ಮುಂದುವರಿಯುತ್ತವೆ.

ಹೋರಿ ಸಾಕಣೆ

ಸ್ಪರ್ಧೆಯ ಹೋರಿಗಳಿಗೆ ಹುರುಳಿ, ಹಿಂಡಿ ಮುಂತಾದ ಪುಷ್ಟಿಕರ ಆಹಾರ ನೀಡಿ, ಓಟ ಮತ್ತು ಈಜಿನ ಅಭ್ಯಾಸ ಮಾಡಿಸುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಬೇಸಾಯದಲ್ಲಿ ಎತ್ತುಗಳ ಬಳಕೆ ಕಡಿಮೆಯಾಗಿದೆ. ಇಂತಹ ಸ್ಥಿತಿಯಲ್ಲಿ ಹಳ್ಳಿಕಾರ್, ಅಮೃತಮಹಲ್‌ನಂತಹ ದೇಶಿ ತಳಿಯ ಹೋರಿಗಳನ್ನು ಸಾಕಲು ಈ ಹಬ್ಬ ಒಂದು ಕಾರಣವಾಗಿದೆ ಎಂಬುದು ಇದರ ಬೆಂಬಲಿಗರ ವಾದ.

ಅಪಾಯ ಮತ್ತು ಕಾನೂನು

ಬೆದರಿದ ಹೋರಿಯ ಓಟವನ್ನು ನಿಯಂತ್ರಿಸುವುದು ಕಷ್ಟ. ತಿವಿತಕ್ಕೆ ಸಿಕ್ಕಿ ಕೊಬ್ಬರಿ ಹರಿಯಲು ಬಂದವರಷ್ಟೇ ಅಲ್ಲದೆ, ನೋಡಲು ನಿಂತವರೂ ಮೃತಪಟ್ಟ ಘಟನೆಗಳು ನಡೆದಿವೆ. ಗದ್ದಲ ಮತ್ತು ಜನಸಂದಣಿಯಿಂದ ಪ್ರಾಣಿಗೆ ಹಿಂಸೆಯಾಗುತ್ತದೆ ಎಂಬ ಆಕ್ಷೇಪವೂ ಇದೆ.

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಜಲ್ಲಿಕಟ್ಟು ಹಾಗೂ ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಇದರಿಂದ ಜಾನುವಾರುಗಳನ್ನು ಬಳಸುವ ಇತರ ಕ್ರೀಡೆಗಳ ಭವಿಷ್ಯವೂ ಪ್ರಶ್ನೆಗೊಳಗಾಯಿತು. ಕರ್ನಾಟಕವು 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು, ಕಂಬಳ, ಹೋರಿ ಓಟ ಮತ್ತು ಎತ್ತಿನ ಗಾಡಿ ಓಟಗಳಿಗೆ ಷರತ್ತುಬದ್ಧ ಅವಕಾಶ ನೀಡಿತು. ತಮಿಳುನಾಡು, ಮಹಾರಾಷ್ಟ್ರ ಮತ್ತು ಕರ್ನಾಟಕಗಳ ತಿದ್ದುಪಡಿಗಳನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2023ರ ಮೇ 18ರಂದು ಎತ್ತಿಹಿಡಿಯಿತು. ಕಾನೂನಿನ ಮನ್ನಣೆ ದೊರೆತರೂ ಸುರಕ್ಷತೆಯ ಪ್ರಶ್ನೆ ಉಳಿದಿದೆ. ಗಟ್ಟಿ ಬೇಲಿ, ಆಂಬುಲೆನ್ಸ್, ಪಶುವೈದ್ಯರ ವ್ಯವಸ್ಥೆ ಹಾಗೂ ಪ್ರೇಕ್ಷಕರಿಗೆ ಪ್ರತ್ಯೇಕ ಸ್ಥಳ ಇಲ್ಲದ ಇಕ್ಕಟ್ಟಾದ ಓಣಿಗಳಲ್ಲಿ ಅಪಾಯ ಹೆಚ್ಚು.

ಇತರ ಸಂಸ್ಕೃತಿಗಳಲ್ಲಿ

ಎತ್ತನ್ನು ಬೇಸಾಯದ ಶುಭದೊಂದಿಗೆ ಬೆಸೆಯುವ ನಂಬಿಕೆ ಇತರ ಕೃಷಿಪ್ರಧಾನ ಸಮಾಜಗಳಲ್ಲಿಯೂ ಕಂಡುಬರುತ್ತದೆ. ಚೀನಾದ ಸಾಂಪ್ರದಾಯಿಕ ಪಂಚಾಂಗದಲ್ಲಿ ವಸಂತಾರಂಭವನ್ನು ಸೂಚಿಸುವ ಲಿಚುನ್ ದಿನವು ಫೆಬ್ರವರಿ 4ರ ಸುಮಾರಿಗೆ ಬರುತ್ತದೆ. ಅಂದು ಮಣ್ಣಿನಿಂದ ಮಾಡಿದ ‘ವಸಂತದ ಎತ್ತ’ನ್ನು ಕೋಲುಗಳಿಂದ ಹೊಡೆದು ಒಡೆಯುವ ಪದ್ಧತಿಯಿತ್ತು. ಒಡೆದ ಮಣ್ಣಿನ ಚೂರುಗಳು ಒಳ್ಳೆಯ ಬೆಳೆ ತರುತ್ತವೆಂದು ನಂಬಿ, ಜನರು ಅವುಗಳಿಗಾಗಿ ಮುಗಿಬೀಳುತ್ತಿದ್ದರು. ಹಾವೇರಿ ಭಾಗದ ಹಬ್ಬದಲ್ಲಿ ಜನರು ಕೊಬ್ಬರಿಗೆ ಕೈಚಾಚುವುದನ್ನು ಇದು ನೆನಪಿಸುತ್ತದೆ. ಆದರೆ ಅಲ್ಲಿನ ಎತ್ತು ಮಣ್ಣಿನದು. ಇಲ್ಲಿ ಓಡುವುದು ಜೀವಂತ ಹೋರಿ. ಹೀಗಾಗಿ ಹೋರಿ ಬೆದರಿಸುವ ಹಬ್ಬದ ಮುಂದುವರಿಕೆಯು ಮನುಷ್ಯ ಮತ್ತು ಪ್ರಾಣಿ ಇಬ್ಬರ ಸುರಕ್ಷತೆಯೊಂದಿಗೂ ತಳುಕು ಹಾಕಿಕೊಂಡಿದೆ.