ಹೊರದೇಶದ ದುಡ್ಡು, ಊರಿನ ಗಿಡ

ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿ ಸುತ್ತಿನ ಎರೆ ಹೊಲದಲ್ಲಿ ನಿಂತರೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಮುಂಗಾರಿಗೆ ಹೆಸರು, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಜೋಳ, ಕಡಲೆ. ನಡುವೆ ಒಂದು ಬೇವು, ಬದುವಿನ ಮೇಲೊಂದು ಜಾಲಿ, ದಸರೆಗೆ ನೆನಪಾಗುವ ಬನ್ನಿ. ಇಲ್ಲಿ ಒಲೆಗೆ ಬೇಕಾದ ಉರುವಲನ್ನು ಕಾಡು ಕೊಡುವುದಿಲ್ಲ, ಹೊಲ ಕೊಡುತ್ತದೆ: ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು. ಇದೇ ಧಾರವಾಡ ಜಿಲ್ಲೆಯ ಪಡುವಣಕ್ಕೆ, ಕಲಘಟಗಿ, ಅಳ್ನಾವರದ ಕಡೆ ಹೋದರೆ ತೇಗ, ಮತ್ತಿಯ ನೆರಳು ಸಿಗುತ್ತದೆ. ಒಂದೇ ಜಿಲ್ಲೆ, ಎರಡು ಲೋಕ.

ಕಾಡಿಲ್ಲದ ಇಂಥ ಊರಿನಲ್ಲಿ ನಿಂತು ಕಾಡಿಗೆ ಬಂದ ಹೊರದೇಶದ ನೆರವಿನ ಮಾತು ಯಾಕೆ ಎಂದು ಕೇಳಬಹುದು. ನನ್ನ ಉತ್ತರ ಇಷ್ಟೆ. ಆ ನೆರವು ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ದಟ್ಟ ಕಾಡಿಗಲ್ಲ, ಊರಿನ ಹೊಲಕ್ಕೆ, ಕೆರೆಯಂಗಳಕ್ಕೆ, ರಸ್ತೆಯ ಬದಿಗೆ, ಗೋಮಾಳಕ್ಕೆ. ಊರಿನ ಗಿಡದ ಮೇಲೆ ಊರಿಗೇ ಮಾತಿರಬೇಕು ಎಂಬ ಹಟವನ್ನು ರಾಜ್ಯಕ್ಕೆ ಗಟ್ಟಿಯಾಗಿ ಕಲಿಸಿದವರಲ್ಲಿ ಹಳೆಯ ಧಾರವಾಡ ಜಿಲ್ಲೆಯ ಹಳ್ಳಿಯವರೂ ಇದ್ದರು.

1983ರಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ಶುರುವಾಯಿತು. ಉದ್ದೇಶ ಒಳ್ಳೆಯದೇ: ಹಳ್ಳಿಗೆ ಉರುವಲು, ಮೇವು, ಸಣ್ಣಪುಟ್ಟ ಮರಮಟ್ಟು. ಆದರೆ ನರ್ಸರಿಗಳಿಂದ ಹೊರಬಂದ ಸಸಿಗಳಲ್ಲಿ ನೀಲಗಿರಿಯದೇ ದೊಡ್ಡ ಪಾಲು. ಅದರ ಎಲೆಯನ್ನು ದನ ಮುಟ್ಟುವುದಿಲ್ಲ, ಕಾಂಡ ಹೋಗುವುದು ಕಾರ್ಖಾನೆಗೆ. ಕೋಲಾರದಲ್ಲಿ ರಾಗಿ ಹೊಲಗಳು ನೀಲಗಿರಿ ತೋಪಾಗುತ್ತಿರುವುದನ್ನು 1981ರಷ್ಟು ಹಿಂದೆಯೇ ಅಧ್ಯಯನವೊಂದು ತೋರಿಸಿತ್ತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹಾಕಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಲ್ಕಣಿಯ ಜನ ಮರ ತಬ್ಬಿ ನಿಂತರು, ಅಪ್ಪಿಕೋ ಚಳವಳಿ ಹುಟ್ಟಿತು. ಒಂದು ಕಡೆ ನೆಟ್ಟದ್ದನ್ನು ಕಿತ್ತರು, ಇನ್ನೊಂದು ಕಡೆ ಕಡಿಯುವುದನ್ನು ತಡೆದರು. ಎರಡೂ ಕಡೆ ಸಿಟ್ಟು ಒಂದೇ: ನಮ್ಮನ್ನು ಯಾರೂ ಕೇಳಲಿಲ್ಲ.

ಆ ಸಿಟ್ಟು ನಮ್ಮ ಸೀಮೆಗೆ ಬಂದದ್ದು ಕುಸನೂರಿನಲ್ಲಿ. ಹಾನಗಲ್ ತಾಲ್ಲೂಕಿನ ಆ ಹಳ್ಳಿ ಈಗ ಹಾವೇರಿ ಜಿಲ್ಲೆಯಲ್ಲಿದೆ. ಆಗ ಧಾರವಾಡ ಜಿಲ್ಲೆಯಲ್ಲಿತ್ತು. 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದವು. ಸಿ ಮತ್ತು ಡಿ ವರ್ಗದ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆ ಜಮೀನಿನಲ್ಲಿ ನೀಲಗಿರಿಯಂಥ ನಾರುಮರ ಬೆಳೆಯುವುದು ಅದರ ಕೆಲಸ. ಕಾಗದದಲ್ಲಿ ಅದು ಹಾಳುಬಿದ್ದ ಜಮೀನು. ಹಳ್ಳಿಯಲ್ಲಿ ಅದಕ್ಕೆ ಬೇರೆ ಲೆಕ್ಕವಿತ್ತು. ಎತ್ತು, ಎಮ್ಮೆ, ಕುರಿ ಮೇಯುವುದು ಅಲ್ಲಿ. ಗುಡಿಸಲಿಗೆ ಹೊದಿಸುವ ಹುಲ್ಲು, ಕಸಬರಿಗೆ ಕಡ್ಡಿ, ನೇಗಿಲಿಗೊಂದು ಡೊಂಕು ಕಟ್ಟಿಗೆ, ಬಡವರ ಮನೆಯ ಒಲೆಗೆ ಪುಳ್ಳೆ, ಎಲ್ಲವೂ ಅಲ್ಲಿಂದಲೇ. ತುಂಡು ಭೂಮಿಯೂ ಇಲ್ಲದವನಿಗೆ ಇದ್ದ ಆಸ್ತಿ ಅದೊಂದೇ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಇದನ್ನು ಕೈಗೆತ್ತಿಕೊಂಡಿತು. ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರು ಮೊದಲಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು ಅದೇ ಗುಂಡಿಯಲ್ಲಿ ತಮಗೆ ಬೇಕಾದ ಸಸಿ ನೆಟ್ಟರು. ‘ಹಚ್ಚುವುದು’ ನಮ್ಮ ಕಡೆಯ ಮಾತು. ಗಿಡವನ್ನು ನಾವು ನೆಡುವುದಿಲ್ಲ, ಹಚ್ಚುತ್ತೇವೆ. ಕಿತ್ತು ಸುಮ್ಮನಾಗದೆ ಹಚ್ಚಿಯೂ ಬಂದ ಆ ಚಳವಳಿಯ ಎದುರು ಕಂಪನಿ ಬಹಳ ದಿನ ಬಾಳಲಿಲ್ಲ. 1991ರಲ್ಲಿ ಅದನ್ನು ಮುಚ್ಚಬೇಕಾಯಿತು.

ಇಲ್ಲೊಂದು ಸಂಗತಿ ಹೇಳಲೇಬೇಕು. ಹೊರದೇಶದ ದುಡ್ಡೆಂದರೆ ವಿಶ್ವಬ್ಯಾಂಕಿನದು ಮಾತ್ರವಲ್ಲ. ಕುಸನೂರಿನ ಮುಂದಾಳು ಎಸ್. ಆರ್. ಹಿರೇಮಠರು ಅಮೆರಿಕದಲ್ಲಿ ಕೆಲಸದಲ್ಲಿದ್ದಾಗಲೇ, 1974ರಲ್ಲಿ, ಶಿಕಾಗೊದಲ್ಲಿ ಭಾರತೀಯರು ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಕಟ್ಟಿಕೊಂಡಿದ್ದರು. 1979ರಲ್ಲಿ ಹಿರೇಮಠರೂ ಪತ್ನಿ ಶ್ಯಾಮಲಾ ಅವರೂ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಗೆ ಬಂದು ಹಳ್ಳಿಯ ಕೆಲಸಕ್ಕೆ ಇಳಿದರು. ಅಮೆರಿಕದ ಸಂಬಳದಿಂದ ಉಳಿಸಿದ ಡಾಲರಿನ ಹಿಂದೆ ಊರ ನಂಟೂ ಬಂತು. ಸಹಿ ಮಾಡಿ ಮರಳುವ ತಜ್ಞರ ತಂಡಕ್ಕೂ ಊರಲ್ಲೇ ಉಳಿಯುವ ಜನರಿಗೂ ಇರುವ ಅಂತರವನ್ನು ನಾನು ಇಲ್ಲಿ ಕಾಣುತ್ತೇನೆ.

ಈ ಚಳವಳಿಗಳ ನಡುವೆಯೇ ಸರ್ಕಾರದ ಮಾತಿನ ಧಾಟಿ ಬದಲಾಯಿತು. ಜನರನ್ನು ಸೇರಿಸಿಕೊಂಡು ಕಾಡು ಬೆಳೆಸಿ ಎಂದು ಕೇಂದ್ರ 1990ರ ಜೂನ್ 1ರಂದು ಸುತ್ತೋಲೆ ಕಳಿಸಿತು. ಬ್ರಿಟನ್ನಿನ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆ ಉತ್ತರ ಕನ್ನಡದಲ್ಲಿ ಶುರುವಾಯಿತು. 1993ರ ಏಪ್ರಿಲ್ 12ರಂದು ಕರ್ನಾಟಕವು ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು. ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದ್ದು ಹೀಗೆ.

ಸಮಿತಿಯ ರಚನೆ ನೋಡಿದರೆ ಅದರ ಶಕ್ತಿಯೂ ಮಿತಿಯೂ ತಿಳಿಯುತ್ತವೆ. ಅಧ್ಯಕ್ಷ ಊರಿನವ, ಕಾರ್ಯದರ್ಶಿ ಅರಣ್ಯ ಇಲಾಖೆಯ ಫಾರೆಸ್ಟರು, ಬ್ಯಾಂಕ್ ಖಾತೆಗೆ ಇಬ್ಬರದೂ ಸಹಿ. ಊರು ಎಷ್ಟೇ ಠರಾವು ಮಾಡಲಿ, ಫಾರೆಸ್ಟರು ಬಾರದೆ ಚೆಕ್ಕು ನಡೆಯದು. ಮೂಲ ಆದೇಶದಂತೆ ಸಮಿತಿಯ ಪಾಲಿಗೆ ಬಂದದ್ದು ಶೇ 25ಕ್ಕಿಂತ ಕಡಿಮೆ ನೆರಳಿರುವ, ಸವೆದ ಕಾಡು ಮಾತ್ರ. ಉಪ್ಪಾಗೆ, ಮುರುಗಲು, ಸೀಗೆ ಸಿಗುವ ಒಳ್ಳೆಯ ಕಾಡು ಇಲಾಖೆಯ ಕೈಯಲ್ಲೇ ಉಳಿಯಿತು. ಸುಟ್ಟ ರೊಟ್ಟಿಯನ್ನೇ ಪಾಲಿಗಿಟ್ಟು, ಹಂಚಿಕೊಂಡು ಉಣ್ಣಿರಿ ಎಂದಂತೆ. ಹಾಗಿದ್ದೂ ಉತ್ತರ ಕನ್ನಡದ ಎಷ್ಟೋ ಊರುಗಳು ತಾವೇ ಕಾವಲು ನಿಂತು ಅಂಥ ಗುಡ್ಡಗಳನ್ನು ಮತ್ತೆ ಹಸಿರು ಮಾಡಿದವು. ಅದು ಆ ಜನರ ದೊಡ್ಡತನ.

ಗುಡ್ಡಕ್ಕೆ ಅಗಳ ತೋಡಿ ಮುಚ್ಚಿದಾಗ ಮೊದಲು ನೋಯುವುದು ಆಡು ಸಾಕಿದವರು, ತಲೆಹೊರೆ ಕಟ್ಟಿಗೆ ತರುವ ಹೆಂಗಸರು. ಅಡಿಕೆ ತೋಟದವರಿಗೆ ಸೊಪ್ಪು ತರಲು ಸೊಪ್ಪಿನಬೆಟ್ಟವಿದೆ. ಇವರಿಗೆ ಯಾವ ಬೆಟ್ಟ? ಗಿಡ ಬೆಳೆದು ಪಾಲು ಕೈಗೆ ಬರಲು ಹತ್ತಿಪ್ಪತ್ತು ವರ್ಷ ಬೇಕು. ಒಲೆ ಇಂದು ಸಂಜೆಯೇ ಹೊತ್ತಬೇಕು. ನೆರವಿನ ಯೋಜನೆಗಳು ಎಡವಿದ್ದು ಹೆಚ್ಚಾಗಿ ಈ ಎರಡು ಕಾಲಗಳ ನಡುವಿನ ಕಂದರದಲ್ಲಿ ಎಂದೇ ನಾನು ನಂಬಿದ್ದೇನೆ.

2005ರಲ್ಲಿ ಜಪಾನಿನ ಸರದಿ. ಸುಸ್ಥಿರ ಅರಣ್ಯ ನಿರ್ವಹಣೆ ಮತ್ತು ಜೀವವೈವಿಧ್ಯ ಸಂರಕ್ಷಣಾ ಯೋಜನೆಗೆ ಸುಮಾರು 1,520 ಕೋಟಿ ಯೆನ್ ಬಂತು. ಯೋಜನೆಯ ಒಟ್ಟು ಗಾತ್ರ ಸುಮಾರು 745 ಕೋಟಿ ರೂಪಾಯಿ. ಇದನ್ನೂ ನೆರವು ಎಂದೇ ಕರೆಯುತ್ತೇವೆ. ಬಡ್ಡಿ ಕಡಿಮೆ, ಅವಧಿ ದೀರ್ಘ, ಆದರೂ ಸಾಲವೇ. ತೀರಿಸುವವರು ನಾವೇ, ನಮ್ಮ ಮಕ್ಕಳೇ. ಅಂದಮೇಲೆ ಸಮಿತಿಯ ಸಭೆಯಲ್ಲಿ ಕೂತ ಹೆಣ್ಣುಮಗಳು ಉಪಕಾರ ಪಡೆದವಳಲ್ಲ, ಸಾಲಗಾರ್ತಿ. ಲೆಕ್ಕ ಕೇಳುವ ಹಕ್ಕು ಅವಳಿಗೆ ಪೂರ್ತಿಯಾಗಿ ಇದೆ. ಈ ಯೋಜನೆ ಸ್ವಸಹಾಯ ಸಂಘಗಳ ಕೈಯನ್ನೂ ಹಿಡಿಯಿತು. ಗಿಡ ದೊಡ್ಡದಾಗುವ ತನಕ ಮನೆ ನಡೆಯಲು ಬೇರೆ ದಾರಿ ಬೇಕೆಂಬುದನ್ನು ಒಪ್ಪಿದ್ದು ಸಣ್ಣ ಮಾತಲ್ಲ.

ಧಾರವಾಡದ ಬಯಲಿಗೆ ಬಂದ ನೆರವಿನ ರೂಪ ಬೇರೆ. 2001ರಲ್ಲಿ ಶುರುವಾದ ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಆಯ್ದುಕೊಂಡ ಐದು ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಉಳಿದವು ಹಾವೇರಿ, ಚಿತ್ರದುರ್ಗ, ತುಮಕೂರು, ಕೋಲಾರ. ಒಡ್ಡು ಹಾಕುವುದು, ಹೊಂಡ ತೋಡುವುದು, ಬದುವಿಗೆ ಗಿಡ ಹಚ್ಚುವುದು. ಭೂಮಿ ಇಲ್ಲದವರಿಗೆ ಸಂಘದ ಮೂಲಕ ಕುರಿ, ಸಣ್ಣ ವ್ಯಾಪಾರ. ಹುಬ್ಬಳ್ಳಿಯವರೇ ಆಗಿ ಅಮೆರಿಕದಲ್ಲಿ ನೆಲೆಸಿದ ಗುರುರಾಜ ದೇಶಪಾಂಡೆ ಅವರ ಪ್ರತಿಷ್ಠಾನವೂ ಈ ಎರೆ ಸೀಮೆಯಲ್ಲಿ ಕೃಷಿ ಹೊಂಡದ ಕೆಲಸ ಮಾಡಿದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಎಳೆ ಬೇರನ್ನು ಹರಿಯುತ್ತದೆ. ಹೊಂಡದ ನೀರಿದ್ದರೆ ಬದುವಿನ ಸಸಿ ಆ ಮೊದಲ ಎರಡು ಬೇಸಿಗೆ ದಾಟುತ್ತದೆ. ಬದು ತನ್ನದು ಎಂಬ ಕಾರಣಕ್ಕೇ ರೈತ ಕೊಡ ಹೊತ್ತು ನೀರುಣಿಸುತ್ತಾನೆ. ಆದರೆ ಗೋಮಾಳದ ಗಿಡಕ್ಕೆ ಕೊಡ ಹೊರುವವರು ಯಾರು?

ಒಂದು ಉತ್ತರ ಬಿಳಿಗಿರಿರಂಗನ ಬೆಟ್ಟದಿಂದ ಬಂದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅಲ್ಲಿಯ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿ ಆಯುವುದು ಅವರಿಗೆ ಯಾರೋ ಕೊಟ್ಟ ರಿಯಾಯಿತಿಯಲ್ಲ, ಕಾನೂನಿನ ಹಕ್ಕು. ಬಯಲಿನ ಗೋಮಾಳಕ್ಕೆ ಅಂಥ ಕಾಗದ ಇನ್ನೂ ಇಲ್ಲ. ವಸತಿಗೆ ಒಂದಿಷ್ಟು, ಕಚೇರಿಗೆ ಒಂದಿಷ್ಟು, ಒತ್ತುವರಿಗೆ ಒಂದಿಷ್ಟು ಎಂದು ಅದು ಎಲ್ಲೆಡೆ ಕರಗುತ್ತಿದೆ. ಇನ್ನೊಂದು ದೇಶದ ದುಡ್ಡು ಬರಲಿ, ಬೇಡವೆನ್ನಲಾರೆ. ಆದರೆ ಸಸಿಯ ಲಾರಿ ಊರಿಗೆ ಬರುವ ಮೊದಲು ಗೋಮಾಳದ ನಕ್ಷೆ ಗ್ರಾಮಸಭೆಯ ಮುಂದೆ ಬರಬೇಕು. ಯಾವ ಗಿಡ ಎಂಬುದನ್ನು ಆಡು ಕಾಯುವವರೂ ಕಟ್ಟಿಗೆ ಹೊರುವವರೂ ಮೊದಲು ಹೇಳಬೇಕು.

ಹತ್ತಿ ಬಿಡಿಸಿ ಮುಗಿದ ಮೇಲೆ ಎರೆ ಸೀಮೆಯ ಹೊಲಗಳಲ್ಲಿ ಒಣಗಿದ ಕಟ್ಟಿಗೆ ಕಿತ್ತು ಹೊರೆ ಕಟ್ಟುವ ಕೆಲಸ ಶುರುವಾಗುತ್ತದೆ. ಹೊರೆ ತಲೆಯ ಮೇಲೆ ಊರು ಸೇರುತ್ತದೆ. ಗೋಡೆಗೆ ಆನಿಸಿದ ಆ ಬಣವೆ ಮಳೆಗಾಲದ ತನಕ ಬರಬೇಕು.