ಗಣಕಯಂತ್ರದ ಫೋಲ್ಡರಿಗೊಂದು ಮರುಪ್ರತಿ

ಮದುವೆಯ ಚಿತ್ರಗಳು, ಮಕ್ಕಳ ಅಂಕಪಟ್ಟಿಗಳು, ಮನೆಯ ಲೆಕ್ಕಪತ್ರ, ಇವೆಲ್ಲವನ್ನೂ ಈಗ ನಾವು ಗಣಕಯಂತ್ರದ ಫೋಲ್ಡರುಗಳಲ್ಲಿ ಇಟ್ಟಿರುವೆವಷ್ಟೆ. ಡಿಸ್ಕು ಕೆಟ್ಟರೆ ಎಲ್ಲವೂ ಹೋದಂತೆಯೇ. ಆದುದರಿಂದ ಬೇರೊಂದು ಡಿಸ್ಕಿನಲ್ಲಿ ಪ್ರತಿಯಿರತಕ್ಕದ್ದು. ಕೈಯಿಂದ ಮಾಡುವ ಕೆಲಸವು ನಾಲ್ಕನೆಯ ದಿನಕ್ಕೆ ಮರೆತುಹೋಗುವುದರಿಂದಲೇ ಬ್ಯಾಚ್ ಬರಹದ ಆವಶ್ಯಕತೆ.

ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಒಂದೇ ಸಾಲು ಸಾಕು. ಮೊದಲು ರೋಬೋಕಾಪಿ ಎಂಬ ಆಜ್ಞೆ. ಬಳಿಕ ಮೂಲ ಫೋಲ್ಡರಿನ ವಿಳಾಸ. ಅನಂತರ ಪ್ರತಿಯ ಸ್ಥಳ. ಕೊನೆಗೆ ಓರೆಗೆರೆಯೊಡನೆ ಇಂಗ್ಲಿಷಿನ ಇ ಅಕ್ಷರ. ಇದನ್ನು ಬ್ಯಾಟ್ ಎಂಬ ಬಾಲದೊಡನೆ ಉಳಿಸಿ, ಅದರ ಮೇಲೆ ಎರಡು ಬಾರಿ ಒತ್ತಿದರೆ ಒಳಫೋಲ್ಡರುಗಳ ಸಹಿತವಾಗಿ ಪ್ರತಿಯಾಗುವುದು. ಮರುದಿನ ಹೊಸವೂ ಬದಲಾದವೂ ಮಾತ್ರವೇ ಹೋಗುವುವು. 2007ರ ವಿಸ್ಟಾದಿಂದೀಚೆಗೆ ಈ ಆಜ್ಞೆಯು ವಿಂಡೋಸಿನಲ್ಲಿಯೇ ಅಡಕವಾಗಿದೆ. (ಫೈಲಿಗೆ ಮಾತ್ರ ರೋಬೋಕಾಪಿ ಎಂದೇ ಹೆಸರಿಡಬಾರದು, ಇಟ್ಟರೆ ಅದು ತನ್ನನ್ನೇ ಕರೆದುಕೊಳ್ಳುತ್ತ ಸುತ್ತುವುದು.)

ಹಲವರು ಇ ಬದಲಿಗೆ ಎಂ, ಐ, ಆರ್ ಎಂಬ ಮೂರಕ್ಷರಗಳನ್ನು ಬರೆಯುವರು. ಅದು ಕನ್ನಡಿಯಂತೆ: ಮೂಲದಲ್ಲಿಲ್ಲದ್ದನ್ನು ಪ್ರತಿಯಿಂದಲೂ ಅಳಿಸುವುದು. ಮಗುವು ಆಡುತ್ತ ಚಿತ್ರಗಳನ್ನು ತೆಗೆದಿದ್ದರೆ, ಅಂದಿನ ರಾತ್ರಿಯೇ ಪ್ರತಿಯಲ್ಲಿಯೂ ಅವು ಇರಲಾರವು. ವಿಳಾಸಗಳು ಅದಲುಬದಲಾದರಂತೂ ಬರಿದಾದ ಹೊಸ ಡಿಸ್ಕು ಮೂಲವನ್ನೇ ಬರಿದು ಮಾಡೀತು! ಮನೆಯ ಬಳಕೆಗೆ ಇ ಅಕ್ಷರವೇ ಲೇಸೆಂದು ನಮ್ಮ ಮತ. ಆದರೂ ಒಳಗೆ ಕೆಟ್ಟ ಫೈಲು ಹಳೆಯ ಒಳ್ಳೆಯ ಪ್ರತಿಯ ಮೇಲೆ ಬರೆಯಲ್ಪಡುವುದನ್ನು ಅದೂ ತಡೆಯದು. ಆ ಕಾರಣ ತಿಂಗಳಿಗೊಮ್ಮೆ ಬೇರೆ ಫೋಲ್ಡರಿಗೆ ಪ್ರತಿಮಾಡುವುದು ಒಳ್ಳೆಯದು. ಮೊದಲನೆಯ ಸಲ ಸಾಲಿನ ಕೊನೆಗೆ ಓರೆಗೆರೆಯೊಡನೆ ಎಲ್ ಸೇರಿಸಿದರೆ, ಏನನ್ನೂ ಮುಟ್ಟದೆ, ಮಾಡಲಿರುವುದರ ಪಟ್ಟಿಯನ್ನಷ್ಟೇ ತೋರಿಸುವುದು.